ಭೂತಕನ್ನಡಿಯವರ ಸತ್ತ ಕೀಲಿ

ಅವರಿಗೆ ಭೂತಕನ್ನಡಿ ಎಂದು ಹೆಸರಿಟ್ಟವರು ಯಾರು ಎಂಬ ಬಗ್ಗೆ ಜಗಳವಿದೆ. ತಾನೇ ಇಟ್ಟದ್ದು ಎಂದು ಪಶುವೈದ್ಯ ಎದೆ ತಟ್ಟಿಕೊಳ್ಳುತ್ತಾನೆ. ಅದಕ್ಕೂ ಮೊದಲೇ ತಾನು ಮನಸ್ಸಿನಲ್ಲಿ ಇಟ್ಟಾಗಿತ್ತು, ಜೋರಾಗಿ ಹೇಳಿರಲಿಲ್ಲ ಅಷ್ಟೇ ಎಂದು ಔಷಧದಂಗಡಿಯವಳು ಹೇಳುತ್ತಾಳೆ. ಹೆಸರಿನ ಕಾರಣದ ಬಗ್ಗೆ ಮಾತ್ರ ಯಾರಿಗೂ ತಕರಾರಿಲ್ಲ. ಅವರ ಮನೆಯ ಊಟದ ಮೇಜಿನ ಡ್ರಾಯರಿನಲ್ಲಿ ಒಂದು ಭೂತಕನ್ನಡಿ ಇತ್ತು, ಹಿಡಿ ಮುರಿದು ದಾರ ಸುತ್ತಿಸಿಕೊಂಡದ್ದು. ಯಾರಾದರೂ ತಮ್ಮ ಗುರುತಿನ ಚೀಟಿಯನ್ನು ಮೇಜಿನ ಮೇಲಿಟ್ಟರೆ ಅವರು ಡ್ರಾಯರ್ ಎಳೆದು, ಅದನ್ನು ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಫೋಟೊವನ್ನು ಮೂಗಿನಿಂದ ಶುರುಮಾಡಿ ನೋಡುತ್ತಿದ್ದರು. ಮೂಗಿನಿಂದಲೇ ಏಕೆ ಎಂದರೆ, ಮೀಸೆ ಬರುತ್ತದೆ, ಕೂದಲು ಹೋಗುತ್ತದೆ, ಮೂಗು ಮಾತ್ರ ಮನುಷ್ಯನಿಗೆ ಕೈಕೊಡುವುದಿಲ್ಲ ಎಂಬುದು ಅವರ ಸಿದ್ಧಾಂತ.

ನೌಕರಿ ಇದ್ದಷ್ಟು ಕಾಲ ಅವರು ನೀರು ಸರಬರಾಜು ಇಲಾಖೆಯಲ್ಲಿ ಮೀಟರ್ ಓದುತ್ತಿದ್ದರು. ಬಾಗಿಲು ತಟ್ಟಿದರೆ ಒಳಗಿನಿಂದ "ಮನೇಲಿ ಯಾರೂ ಇಲ್ಲ" ಎಂದು ಉತ್ತರ ಕೊಡುವ ಜನರ ಜೊತೆ ಅವರ ಆಯುಷ್ಯ ಸವೆಯಿತು. ಮೀಟರಿನ ಮೇಲೆ ಹೂಕುಂಡ ಇಟ್ಟವರನ್ನು, ಅದರ ಪಕ್ಕ ನಾಯಿಯನ್ನು ಕಟ್ಟಿದವರನ್ನು, ಮುಳ್ಳು ತಿರುಗದಂತೆ ಕಡ್ಡಿ ಸಿಕ್ಕಿಸಿ ತಪ್ಪನ್ನು ಮಗುವಿನ ಮೇಲೆ ಹಾಕಿದವರನ್ನು ಅವರು ನೋಡಿದ್ದರು. ಯಾರ ಮಾತನ್ನೂ ಬಾಯಿಮಾತಿಗೆ ನಂಬಬಾರದು ಎಂಬ ಒಂದೇ ಪಾಠವನ್ನು ಕಲಿತು ನಿವೃತ್ತರಾದರು. ಅಷ್ಟು ದೊಡ್ಡ ಪಾಠವನ್ನು ಮನೆಯಲ್ಲಿ ಖಾಲಿ ಕೂರಿಸಿಡಲು ಆಗುತ್ತದೆಯೇ? ಅದಕ್ಕೊಂದು ಕೆಲಸ ಬೇಕಿತ್ತು, ಬಳಗ ಅದನ್ನು ಕೊಟ್ಟಿತು.

ಬಳಗ ಎಂದರೆ ಕಂಪ್ಯೂಟರಿಗೆ ತಂತ್ರಾಂಶ ಬರೆದು ಲೋಕಕ್ಕೆಲ್ಲ ಪುಕ್ಕಟೆ ಹಂಚುವವರ ಬಳಗ. ಸಂಬಳವಿಲ್ಲ, ಸಾಹೇಬರಿಲ್ಲ, ಕಚೇರಿಯಿಲ್ಲ. ಸದಸ್ಯರು ದೇಶದೇಶಗಳಲ್ಲಿ ಚದುರಿದ್ದಾರೆ, ಒಬ್ಬರ ಮುಖ ಒಬ್ಬರು ಕಂಡಿಲ್ಲ, ಆದರೂ ಅಣ್ಣತಮ್ಮಂದಿರಂತೆ ಜಗಳವಾಡುತ್ತಾರೆ. ನಮ್ಮ ಭೂತಕನ್ನಡಿಯವರು ಅದಕ್ಕೆ ಕೊಟ್ಟದ್ದು ಅಳತೆ ಬದಲಿಸುವ ಒಂದು ಪುಟ್ಟ ತಂತ್ರಾಂಶ. ಲೀಟರನ್ನು ಗ್ಯಾಲನ್ ಮಾಡುತ್ತದೆ, ಗ್ಯಾಲನನ್ನು ಮತ್ತೆ ಲೀಟರ್ ಮಾಡುತ್ತದೆ. ಯಾವುದೋ ದೇಶದ ಹಾಲಿನ ಡೈರಿಯವನೊಬ್ಬ ಒಮ್ಮೆ ಅದಕ್ಕಾಗಿ ಧನ್ಯವಾದ ಬರೆದಿದ್ದ. ಇಲಾಖೆಯಲ್ಲಿ ಅಷ್ಟು ವರ್ಷ ದುಡಿದರೂ ಯಾರೂ ಅವರಿಗೆ ಧನ್ಯವಾದ ಹೇಳಿರಲಿಲ್ಲ. ಆ ಪತ್ರವನ್ನು ಅವರು ಹೆಂಡತಿಗೆ ಓದಿ ಹೇಳಿದರು, ಮಗಳಿಗೆ ಫೋನಿನಲ್ಲಿ ಓದಿ ಹೇಳಿದರು, ಕೊನೆಗೆ ಗ್ಯಾಸ್ ಸಿಲಿಂಡರ್ ತಂದವನಿಗೂ ಓದಿ ಹೇಳಿದರು.

ಮುಖ ಕಾಣದ ಜನ ಕಳಿಸಿದ ತಂತ್ರಾಂಶವನ್ನು ಲಕ್ಷಾಂತರ ಕಂಪ್ಯೂಟರುಗಳು ಕಣ್ಣುಮುಚ್ಚಿ ನುಂಗುತ್ತವೆ. ನಡುವೆ ಕಳ್ಳನೊಬ್ಬ ಇವರ ಹೆಸರಿನಲ್ಲಿ ವಿಷ ಬೆರೆಸಿ ಕಳಿಸಿದರೆ? ಅದಕ್ಕೇ ಪ್ರತಿ ಸದಸ್ಯರಿಗೂ ಒಂದು ಕೀಲಿ. ಕಬ್ಬಿಣದ್ದಲ್ಲ, ಕಂಪ್ಯೂಟರಿನೊಳಗಿನ ಒಂದು ಕಡತ. ಅದರಿಂದ ಮುದ್ರೆ ಒತ್ತಿ ಕಳಿಸಿದ್ದು ಮಾತ್ರ ಅಸಲಿ. ಆ ಕಡತಕ್ಕೆ ಒಂದು ಪಾಸ್‌ವರ್ಡ್, ಒಂದು ಪದವಲ್ಲ, ಇಡೀ ಒಂದು ವಾಕ್ಯ. ಸರಿ, ಈ ಕೀಲಿ ಇಂಥವರದೇ ಎಂದು ನಂಬುವುದು ಹೇಗೆ? ಈಗಾಗಲೇ ಒಳಗಿರುವ ಇಬ್ಬರು ಸದಸ್ಯರು ಹೊಸಬರನ್ನು ಎದುರುಬದುರು ಕೂರಿಸಿಕೊಂಡು, ಸರ್ಕಾರದ ಗುರುತಿನ ಚೀಟಿ ನೋಡಿ, ಹೌದು ಇವರೇ ಇವರು ಎಂದು ಆ ಕೀಲಿಗೆ ತಮ್ಮ ಕೀಲಿಯಿಂದ ಸಹಿ ಹಾಕಬೇಕು. ಆ ಊರಿನ ಸುತ್ತಮುತ್ತ ಸದಸ್ಯರು ಇದ್ದದ್ದೇ ಇಬ್ಬರು, ಭೂತಕನ್ನಡಿಯವರು ಮತ್ತು ಪಶುವೈದ್ಯ. ಹಾಗಾಗಿ ಈ ಊಟದ ಮೇಜನ್ನು ದಾಟದೆ ಯಾರೂ ಬಳಗ ಸೇರುವಂತಿರಲಿಲ್ಲ.

ಪಶುವೈದ್ಯನದು ಉದಾರ ಕೈ. ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತಾ, ಚೀಟಿಯ ಮೇಲೆ ಲೋಟ ಇಟ್ಟು, "ನೀನು ಕಳ್ಳನ ಥರ ಕಾಣಲ್ಲ ಬಿಡಪ್ಪ" ಎಂದು ಸಹಿ ಹಾಕಿಬಿಡುವವನು. "ನಾನು ದನಕ್ಕೇ ಗುರುತಿನ ಚೀಟಿ ಕೇಳಲ್ಲ, ಮನುಷ್ಯರಿಗೆ ಕೇಳ್ತೀನಾ?" ಎನ್ನುತ್ತಿದ್ದ. ಅವನ ಸಹಿಗೂ ಗೋಡೆಯ ಮೇಲಿನ ಹಲ್ಲಿಯ ಲೊಚಗುಟ್ಟುವಿಕೆಗೂ ವ್ಯತ್ಯಾಸವಿಲ್ಲ ಎಂದು ಭೂತಕನ್ನಡಿಯವರು ಬಳಗದ ಚರ್ಚೆಯಲ್ಲಿ ಬಹಿರಂಗವಾಗಿ ಬರೆದಿದ್ದರು. ಅದಾದ ಮೇಲೂ ಪಶುವೈದ್ಯ ಸ್ನೇಹ ಬಿಡಲಿಲ್ಲ. ಅವನದು ಎಮ್ಮೆ ಚರ್ಮ, ಕಸುಬಿನಿಂದ ಬಂದದ್ದು.

ಭೂತಕನ್ನಡಿಯವರಿಂದ ಅತಿ ಹೆಚ್ಚು ಅನುಭವಿಸಿದವಳು ಔಷಧದಂಗಡಿಯವಳು. ಔಷಧದ ಬಾಟಲಿಗೆ ಅಂಟಿಸುವ ಚೀಟಿಗಳನ್ನು ಅಚ್ಚುಕಟ್ಟಾಗಿ ಮುದ್ರಿಸುವ ತಂತ್ರಾಂಶ ಅವಳದು. ಮೊದಲ ಸಲ ಬಂದಾಗ ಅವಳ ಚೀಟಿಯ ಮೂಲೆ ಮುರಿದು ಹೆಸರಿನ ಕೊನೆಯ ಅಕ್ಷರ ಹೋಗಿತ್ತು. ವಾಪಸ್ ಕಳಿಸಿದರು. ಎರಡನೆಯ ಸಲ ಹೊಸ ಚೀಟಿ ಮಾಡಿಸಿಕೊಂಡು ಬಂದಳು. ಫೋಟೊದಲ್ಲಿ ಕನ್ನಡಕವಿತ್ತು, ಎದುರು ಕೂತವಳ ಮೂಗಿನ ಮೇಲೆ ಇರಲಿಲ್ಲ. ಈ ಮನುಷ್ಯನ ಖ್ಯಾತಿ ಕೇಳಿದ್ದ ಅವಳ ತಾಯಿಯೂ ಜೊತೆಗೆ ಬಂದಿದ್ದರು.

"ಇವಳು ನನ್ನ ಮಗಳು ಸ್ವಾಮಿ. ಹೆತ್ತಿರೋ ನಾನೇ ಹೇಳ್ತಿದ್ದೀನಿ," ಎಂದರು ತಾಯಿ.

"ಹೆತ್ತವರ ಮಾತು ದಾಖಲೆ ಅಲ್ಲಮ್ಮ," ಎಂದು ಭೂತಕನ್ನಡಿಯವರು ಮೃದುವಾಗಿಯೇ ಹೇಳಿದರು. "ಎಲ್ಲರೂ ಹಾಗೇ ಹೇಳ್ತಾರೆ."

"ನೀವೊಂದು ಸಲ ಹೆತ್ತು ನೋಡಿ, ಆಮೇಲೆ ಹೇಳಿ," ಎಂದು ಆ ತಾಯಿ ಕಾಫಿಯನ್ನೂ ಕುಡಿಯದೆ ಎದ್ದು ಹೋದರು. ಮಗಳು ಮುಂದೆ ರೈಲು ಹತ್ತಿ, ಇನ್ಯಾವುದೋ ದೂರದ ಪಟ್ಟಣದಲ್ಲಿ ಬಳಗದವರ ಸಭೆಗೆ ಹೋಗಿ, ಎರಡನೆಯ ಸಹಿ ಹಾಕಿಸಿಕೊಂಡು ಬಂದಳು.

ಇದನ್ನೆಲ್ಲ ನೋಡುತ್ತಾ ಕೂತವರು ಹೊಲಿಗೆ ಮೇಡಂ, ಅಂದರೆ ಭೂತಕನ್ನಡಿಯವರ ಹೆಂಡತಿ. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ಊಟದ ಮನೆಯ ಕಿಟಕಿಯ ಪಕ್ಕ ಅವರ ಹೊಲಿಗೆ ಯಂತ್ರ, ಅದರ ಪಕ್ಕದಲ್ಲೇ ಮನೆಯ ಏಕೈಕ ಕಂಪ್ಯೂಟರ್. ಬೆಳಿಗ್ಗೆ ಗಂಡ ಅದರಲ್ಲಿ ಬಳಗದ ಕೆಲಸ ಮಾಡಿದರೆ ಮಧ್ಯಾಹ್ನ ಇವರು ಅದರಲ್ಲಿ ಇಸ್ಪೀಟ್ ಆಡುತ್ತಿದ್ದರು. ಗಂಡನ ಸಹಿಯ ಸಂಭ್ರಮದ ಬಗ್ಗೆ ಅವರ ಅಭಿಪ್ರಾಯ ಚಿಕ್ಕದು. "ಮನೆಗೆ ಬಂದೋರಿಗೆ ನೀರು ಕೊಡ್ತಾರೆ, ಇವರು ನೀರಿಳಿಸ್ತಾರೆ."

ಇಂಥ ಮನುಷ್ಯ ಗೋಡೆ ಗಡಿಯಾರವನ್ನಾದರೂ ನಂಬುತ್ತಿದ್ದರೇ? ಅದು ಒಂದು ನಿಮಿಷ ಹಿಂದಿದೆ ಎಂಬ ಸಂಶಯ ಬಂದು, ಸ್ಟೂಲ್ ಹತ್ತಿ, ಅದರ ಬೆನ್ನಿಗೆ ಕೈ ಹಾಕಿದಾಗ ಸ್ಟೂಲ್ ವಾಲಿತು. ಬಲಗೈ ಮಣಿಕಟ್ಟು ಮುರಿಯಿತು. ಗಡಿಯಾರ ಸರಿಯಾಗಿಯೇ ಇತ್ತು.

ಆಸ್ಪತ್ರೆಯಲ್ಲಿ ಮೊಳಕೈವರೆಗೆ ಪ್ಲಾಸ್ಟರ್ ಹಾಕಿ, ಮುಂದಿನ ತಿಂಗಳವರೆಗೆ ಕೈ ಅಲ್ಲಾಡಿಸಬೇಡಿ ಎಂದರು. ಮನೆಗೆ ಬಂದ ಎರಡು ದಿನಕ್ಕೆ ಕಂಪ್ಯೂಟರಿನಲ್ಲಿ ಒಂದು ಸೂಚನೆ ಕಾಣಿಸಿತು. ಅವರ ಕೀಲಿಯ ಅವಧಿ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಕೀಲಿಗೆ ಅವಧಿ ಇರಲೇಬೇಕೆಂಬ ನಿಯಮವೇನೂ ಇಲ್ಲ. ಶಿಸ್ತಿಗಾಗಿ ಅವರೇ ಹಾಕಿಕೊಂಡದ್ದು. ಅವಧಿಯನ್ನು ಮುಂದೂಡುವುದು ಅರೆಗಳಿಗೆಯ ಕೆಲಸ, ಪಾಸ್‌ವರ್ಡ್ ಹೊಡೆದರಾಯಿತು. ಮುಂದೂಡದಿದ್ದರೆ ಕೀಲಿ ಮುಗಿಯುತ್ತದೆ, ಕೀಲಿಯ ಜೊತೆ ಸದಸ್ಯತ್ವವೂ ಮುಗಿಯುತ್ತದೆ. ಎಡಗೈಯ ತೋರುಬೆರಳನ್ನು ಮುಂದೆ ಚಾಚಿ ಅವರು ಕೀಲಿಮಣೆಯ ಮುಂದೆ ಕೂತರು. ಬೆರಳು ಗಾಳಿಯಲ್ಲೇ ನಿಂತಿತು.

ಪಾಸ್‌ವರ್ಡ್ ಬರಲಿಲ್ಲ. ಇಷ್ಟು ವರ್ಷ ದಿನಾ ಬೆಳಿಗ್ಗೆ ಎರಡು ಕೈಯಿಂದ ದಡದಡ ಹೊಡೆದು, ಆ ವಾಕ್ಯ ಅವರ ತಲೆ ಬಿಟ್ಟು ಬೆರಳಿಗೆ ಇಳಿದುಬಿಟ್ಟಿತ್ತು. ಈಗ ಅರ್ಧ ಬೆರಳುಗಳು ಪ್ಲಾಸ್ಟರಿನೊಳಗೆ ಸೆರೆ. ಉಳಿದರ್ಧಕ್ಕೆ ಒಂಟಿಯಾಗಿ ಏನೂ ಗೊತ್ತಿರಲಿಲ್ಲ. ಬರೆದಿಟ್ಟಿದ್ದರೇ? ಪಾಸ್‌ವರ್ಡ್ ಬರೆದಿಡುವವರನ್ನು ಅವರು ಬಾಗಿಲಿಗೆ ಬೀಗ ಹಾಕಿ ಕೀ ಅಲ್ಲೇ ನೇತುಹಾಕುವವರ ಸಾಲಿಗೆ ಸೇರಿಸಿದ್ದರು.

ಅವರಿಗೆ ಹೆದರಿಕೆಯಾಯಿತು, ಕೈ ಮುರಿದಾಗ ಆಗದಿದ್ದ ಹೆದರಿಕೆ. ಅವರ ತಂದೆ ಕೊನೆಗಾಲದಲ್ಲಿ ಮಗನನ್ನೇ ನೋಡಿ, "ಯಾರಪ್ಪ ನೀನು, ಯಾರ ಮನೆ ಕಡೆಯವನು?" ಎಂದು ವಿಚಾರಿಸಿದ್ದರು. ಇದು ಅದರ ಶುರುವೇ? ಅವರು ಅದನ್ನು ಯಾರಿಗೂ ಹೇಳಲಿಲ್ಲ.

ವಾಕ್ಯದ ವಿಷಯವೇನೋ ನೆನಪಿತ್ತು. ಕಷ್ಟ ಬಂದದ್ದೇ ಅಲ್ಲಿ. ಅದು ಭಾವನ ಬೋಳುತಲೆಯ ಬಗ್ಗೆ ಇತ್ತು. ಭಾವ ಎಂದರೆ ಹೊಲಿಗೆ ಮೇಡಂ ಅವರ ಸ್ವಂತ ಅಣ್ಣ. ಮದುವೆಯ ಮಾತುಕತೆಯ ಕಾಲದಲ್ಲಿ ಈ ಭಾವ ಯಾರಿಗೂ ಹೇಳದೆ ನೀರಿನ ಇಲಾಖೆಯ ಕಚೇರಿಗೆ ಹೋಗಿ, ಜವಾನನನ್ನು ಕೇಳಿ, ಗುಮಾಸ್ತರನ್ನು ಕೇಳಿ, ಕೊನೆಗೆ ಸಾಹೇಬರ ಕೋಣೆಗೂ ನುಗ್ಗಿ, "ಇಂಥ ಹೆಸರಿನ ಮನುಷ್ಯ ನಿಜವಾಗಿ ಇಲ್ಲಿ ಕೆಲಸ ಮಾಡ್ತಾನಾ? ಫೋಟೊದಲ್ಲಿರೋನು ಅವನೇನಾ?" ಎಂದು ವಿಚಾರಣೆ ನಡೆಸಿದ್ದ. ಆಮೇಲೆ ವರ್ಷಗಟ್ಟಲೆ ಕಚೇರಿಯವರು ಬೆಳಿಗ್ಗೆ ಬೆಳಿಗ್ಗೆ, "ಏನಯ್ಯಾ, ಇದ್ದೀಯಾ ನಿಜವಾಗಿ?" ಎಂದು ಕೇಳಿ ನಗುತ್ತಿದ್ದರು. ಆ ಉರಿಯನ್ನು ಭಾವನ ಎದುರು ಕಾರಲು ಧೈರ್ಯವಿರಲಿಲ್ಲ, ಪಾಸ್‌ವರ್ಡಿನಲ್ಲಿ ಕಾರಿದ್ದರು. ಬೆಳಿಗ್ಗೆ ಎದ್ದು ಹಲ್ಲುಜ್ಜಿ, ಕಾಫಿ ಕುಡಿದು, ಭಾವನನ್ನು ಒಂದು ಸಲ ಬೈದು, ದಿನ ಆರಂಭಿಸುವುದು ಅವರ ರೂಢಿ.

ಈಗ ಹೆಂಡತಿಯನ್ನು ಏನೆಂದು ಕೇಳುವುದು? ನಿಮ್ಮಣ್ಣನ ತಲೆಯ ಬಗ್ಗೆ ನಾನು ಏನೋ ಅಂದುಕೊಳ್ಳುತ್ತಿದ್ದೆ, ಏನದು ಎಂದೇ? ಒಬ್ಬರೇ ಕೂತು ಪ್ರಯತ್ನಪಟ್ಟರು. ಭಾವನ ಬೋಳುತಲೆ ಬೆಳದಿಂಗಳು. ಆಗಲಿಲ್ಲ. ಭಾವನ ಬೋಳುತಲೆ ಮೇಲೆ ನೊಣ ಜಾರಿತು. ಆಗಲಿಲ್ಲ. ಭಾವನ ಬೋಳುತಲೆಯಲ್ಲಿ ಮುಖ ನೋಡಿ ಕ್ಷೌರ ಮಾಡಿಕೊಂಡೆ. ಅದೂ ಅಲ್ಲ, ಆದರೆ ಚೆನ್ನಾಗಿತ್ತು. ಒಂದೊಂದು ಅಕ್ಷರಕ್ಕೂ ಎಡಬೆರಳು ಕೀಲಿಮಣೆಯ ತುಂಬ ಅಲೆಯುತ್ತಿತ್ತು. ಪಕ್ಕದಲ್ಲಿ ಹೊಲಿಗೆ ಮೇಡಂ ಲಂಗದ ಅಂಚನ್ನು ಕೈಯಲ್ಲೇ ಹೊಲಿಯುತ್ತಾ ಕೂತಿದ್ದರು. ನಡುನಡುವೆ ಅವರ ಭುಜ ಅಲುಗುತ್ತಿತ್ತು. ಸೂಜಿ ಚುಚ್ಚಿರಬೇಕು ಎಂದುಕೊಂಡರು ಭೂತಕನ್ನಡಿಯವರು.

ತಿಂಗಳ ಕೊನೆ ಹತ್ತಿರವಾದಂತೆ ಬೇರೆ ದಾರಿ ಉಳಿಯಲಿಲ್ಲ. ಎಡಗೈಯಲ್ಲೇ ಒಂದು ಹೊಸ ಕೀಲಿ ಮಾಡಿಕೊಂಡರು. ಹೊಸ ಕೀಲಿಗೆ ಇಬ್ಬರ ಸಹಿ ಬೇಕು. ಸುತ್ತಮುತ್ತ ಇರುವವರು ಪಶುವೈದ್ಯ, ಮತ್ತೆ ಯಾರೆಂದರೆ ಔಷಧದಂಗಡಿಯವಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಇಬ್ಬರನ್ನೂ ಭಾನುವಾರ ಕಾಫಿಗೆ ಕರೆದರು. ಇಬ್ಬರೂ ಹೇಳಿದ ಹೊತ್ತಿಗಿಂತ ಮೊದಲೇ ಬಂದರು. ಇಂಥ ಭಾನುವಾರ ಮತ್ತೆ ಮತ್ತೆ ಸಿಗುವುದಿಲ್ಲ.

ಔಷಧದಂಗಡಿಯವಳು ಮೇಜಿನ ಮುಂದೆ ಕೂತು ಕೈಚೀಲದಿಂದ ಒಂದು ಭೂತಕನ್ನಡಿ ತೆಗೆದಳು. ಹೊಚ್ಚ ಹೊಸದು, ಅಂಗಡಿಯ ಬೆಲೆಪಟ್ಟಿ ಇನ್ನೂ ಅಂಟಿಕೊಂಡಿತ್ತು. "ಕಾರ್ಡ್ ಕೊಡಿ ಸರ್," ಎಂದಳು.

ಅವರು ಕೊಟ್ಟರು. ಅವಳು ಮೂಗಿನಿಂದ ಶುರುಮಾಡಿದಳು.

"ಮೂಗು ಕಾಣ್ತಿಲ್ಲ ಸರ್. ಅಳಿಸಿಹೋಗಿದೆ."

"ನೀರು ಬಿದ್ದಿತ್ತು, ಒಂದ್ಸಲ ಪೈಪ್ ಒಡೆದಾಗ."

"ತಲೆ ತುಂಬ ಕೂದಲಿದೆ."

"ಆಗ ಇತ್ತು."

"ನಿಮ್ಮ ತಲೇಲಿ ಇಲ್ಲ."

ಭೂತಕನ್ನಡಿಯವರು ಎಡಗೈಯಿಂದ ತಲೆ ಸವರಿಕೊಂಡರು. ಭಾವನನ್ನು ಬೈಯುತ್ತಾ ಬೈಯುತ್ತಾ ತಮ್ಮ ತಲೆಯೂ ಯಾವಾಗಲೋ ಅದೇ ದಾರಿ ಹಿಡಿದಿತ್ತು. ಪಾಸ್‌ವರ್ಡನ್ನು ಮಾತ್ರ ಅವರು ಬದಲಿಸಿರಲಿಲ್ಲ.

"ನಾನೇ ಅಮ್ಮಾ ಅದು," ಎಂದರು ಕೊನೆಗೆ.

"ಎಲ್ಲರೂ ಹಾಗೇ ಹೇಳ್ತಾರೆ ಸರ್."

ಪಶುವೈದ್ಯ ಬಿಸ್ಕತ್ತು ಅದ್ದುತ್ತಾ, "ಅಂಗೈ ಹುಣ್ಣಿಗೆ ಕನ್ನಡಿ ಬೇಕೇನಮ್ಮಾ? ಎದುರಿಗೇ ಕೂತಿದ್ದಾನಲ್ಲ," ಎಂದ.

"ಬೇಕು ಅಂತ ಇವರೇ ಕಲಿಸಿದ್ದು," ಎಂದಳು ಅವಳು. ದನಿಯಲ್ಲಿ ಸೇಡಿತ್ತೋ ಗೌರವವಿತ್ತೋ ಹೇಳುವುದು ಕಷ್ಟ. ಅವಳಿಗೂ ಗೊತ್ತಿತ್ತೋ ಇಲ್ಲವೋ.

ಅಷ್ಟರಲ್ಲಿ ಹೊಲಿಗೆ ಮೇಡಂ ಇನ್ನೊಂದು ಸುತ್ತು ಕಾಫಿ ತಂದರು. ಗಂಡ ಬೆವರುತ್ತಿರುವುದನ್ನು ನೋಡಿ ಅವರಿಗೆ ಪಾಪ ಎನಿಸಿರಬೇಕು. "ಇವರೇ ಕಣಮ್ಮ ಇವರು. ನಾನು ಹೇಳ್ತೀನಿ. ಕೂದಲು ಹೋಗ್ತಾ ಹೋಗ್ತಾ ನಾನೇ ಗುಡಿಸಿ ಹಾಕಿದ್ದೀನಿ."

ಔಷಧದಂಗಡಿಯವಳು ಭೂತಕನ್ನಡಿಯನ್ನು ಕೆಳಗಿಟ್ಟು ಅವರತ್ತ ತಿರುಗಿದಳು. "ಹೆಂಡ್ತಿ ಮಾತು ದಾಖಲೆನಾ ಸರ್?"

ಪಶುವೈದ್ಯನ ಬಿಸ್ಕತ್ತು ಕಾಫಿಯಲ್ಲಿ ಮುರಿದು ಬಿತ್ತು. ಹೌದು ಎಂದರೆ ಅಲ್ಲಿಗೆ ಕೆಲಸ ಮುಗಿಯುತ್ತಿತ್ತು, ಅವಳು ಸಹಿ ಹಾಕುತ್ತಿದ್ದಳು, ಅದು ಅವರಿಗೂ ಕಾಣಿಸುತ್ತಿತ್ತು. ಕಾಫಿ ಕುಡಿಯದೆ ಎದ್ದು ಹೋದ ಆ ತಾಯಿಯ ಮುಖವೂ ಕಾಣಿಸುತ್ತಿತ್ತು. ಅವರಿಗೆ ಬಳಗ ಬೇಕಿತ್ತು, ತುಂಬ ಬೇಕಿತ್ತು. ಆದರೂ ಅವರು ಅವರೇ ತಾನೆ.

"ಅಲ್ಲ," ಎಂದರು.

ಹೊಲಿಗೆ ಮೇಡಂ ತಟ್ಟೆಯನ್ನು ಮೇಜಿನ ಮೇಲೆ ಇಟ್ಟರು. ಕುಕ್ಕಲಿಲ್ಲ, ಇಟ್ಟರು. ಅದೇ ಹೆಚ್ಚು ಭಯ ಹುಟ್ಟಿಸುವಂತಿತ್ತು. "ಅಲ್ವಾ?" ಎಂದರು. "ನನ್ನ ಮಾತು ದಾಖಲೆ ಅಲ್ವಾ? ಸರಿ, ದಾಖಲೆನೇ ತಗೊಳಿ." ಶಾಲೆಯಲ್ಲಿ ಹಾಜರಿ ಕೂಗುವ ದನಿಯಲ್ಲಿ, ಒಂದು ಪದವನ್ನೂ ಎಡವದೆ, ಅವರು ಹೇಳಿದರು: "ಭಾವನ ಬೋಳುತಲೆಗೆ ಬಿಸಿಲು ಬಿದ್ದರೆ ಬೀದಿಗೆ ಬೇರೆ ದೀಪ ಬೇಡ."

ಮೊದಲು ನಕ್ಕವನು ಪಶುವೈದ್ಯ. ನಕ್ಕು ನಕ್ಕು ಕೆಮ್ಮು ಹತ್ತಿ, ಔಷಧದಂಗಡಿಯವಳು ಅವನ ಬೆನ್ನಿಗೆ ಗುದ್ದಬೇಕಾಯಿತು. ಭೂತಕನ್ನಡಿಯವರು ಮಾತ್ರ ಎದ್ದು ಹೋಗಿ ಕಂಪ್ಯೂಟರಿನ ಮುಂದೆ ಕೂತರು. ಎಡಬೆರಳಿನಲ್ಲಿ ಒಂದೊಂದೇ ಅಕ್ಷರ ಕುಟ್ಟಿದರು. ಹಳೆಯ ಕೀಲಿ ತೆರೆದುಕೊಂಡಿತು.

"ನಿಂಗೆ ಹೇಗೆ ಗೊತ್ತು?" ಎಂದು ಕೇಳಿದರು, ಹಿಂತಿರುಗದೆ.

"ದಿನಾ ಬೆಳಿಗ್ಗೆ ತುಟಿ ಅಲ್ಲಾಡಿಸ್ಕೊಂಡು ಹೇಳ್ತೀರಲ್ಲ. ಕೀಬೋರ್ಡ್ ಕುಟ್ಟೋವಾಗೆಲ್ಲ ನೀವು ಗೊಣಗ್ತೀರಿ. ನಿಮಗೇ ಗೊತ್ತಿಲ್ಲ."

"ದಿನಾ ಕೇಳಿಸ್ಕೊಂಡಿದ್ದೀಯಾ? ಇಷ್ಟು ವರ್ಷ?"

"ಕಿವಿ ಪಕ್ಕದಲ್ಲೇ ಕೂತು ನಮ್ಮಣ್ಣನ್ನ ಬೈದ್ರೆ ಕೇಳಿಸ್ದೆ ಇರುತ್ತಾ? ಮೊದಮೊದಲು ಸಿಟ್ಟು ಬರ್ತಿತ್ತು. ಆಮೇಲೆ ನಗು. ಆಮೇಲೆ ಕುಕ್ಕರ್ ಕೂಗಿದ ಹಾಗೆ ಆಯ್ತು. ಕೇಳಿಸ್ದೆ ಇದ್ದ ದಿನ ಏನೋ ಮರೆತ ಹಾಗಿರ್ತಿತ್ತು."

"ಯಾರಿಗೂ ಹೇಳಿಲ್ವಾ?"

"ಯಾರಿಗೆ ಹೇಳ್ಲಿ, ಅಣ್ಣನಿಗಾ?" ಎಂದರು ಮೇಡಂ. ಇನ್ನೂ ಒಂದು ಮಾತು ಸೇರಿಸಿದರು. "ಅವನು ಒಂದೇ ಒಂದು ಸಲ ನಿಮ್ಮನ್ನ ವಿಚಾರಿಸಿದ. ಅದಕ್ಕೆ ಇಷ್ಟು ವರ್ಷ ಬೈದ್ರಿ. ಆಮೇಲೆ ನೀವೇ ಈ ಮೇಜಿನ ಮುಂದೆ ಕೂತು ಊರಿನವರನ್ನೆಲ್ಲ ವಿಚಾರಿಸಿದ್ರಿ. ಅವನು ತಂಗಿಗೋಸ್ಕರ ಮಾಡಿದ. ನೀವು ಯಾರಿಗೋಸ್ಕರ?"

ಭೂತಕನ್ನಡಿಯವರು ಪರದೆ ನೋಡುತ್ತಾ ಕೂತರು. ಭಾವನ ಮೇಲೆ ಇಷ್ಟು ವರ್ಷ ಜೋಪಾನವಾಗಿ ಸಾಕಿದ ಸಿಟ್ಟು ಹುಡುಕಿದರೂ ಕೈಗೆ ಸಿಗಲಿಲ್ಲ. ನಾಚಿಕೆ ಮಾತ್ರ ಬೇಕಾದಷ್ಟು ಸಿಕ್ಕಿತು.

"ಸರಿ ಬಿಡು, ಕೀ ಸಿಕ್ತಲ್ಲ," ಎಂದ ಪಶುವೈದ್ಯ ಕಣ್ಣೊರೆಸಿಕೊಳ್ಳುತ್ತಾ. "ಅವಧಿ ಮುಂದೂಡು, ಮುಗೀತು. ನಮ್ಮ ಸಹಿನೂ ಬೇಡ, ಗಿಹಿನೂ ಬೇಡ."

ಅದು ಆಗದ ಮಾತು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಹೊಸಬರಿಗಾಗಿ ಬಳಗದ ಪುಟದಲ್ಲಿ ಹಾಕಿದ ಸೂಚನೆಗಳಲ್ಲಿ ಒಂದು ಸಾಲು ಭೂತಕನ್ನಡಿಯವರದೇ: ಇನ್ನೊಬ್ಬರಿಗೆ ಗೊತ್ತಾದ ಕೀಲಿ ಸತ್ತ ಕೀಲಿ, ಆ ಇನ್ನೊಬ್ಬರು ಯಾರೇ ಆಗಿರಲಿ. ಕಡತ ಇದ್ದದ್ದು ಈ ಕಂಪ್ಯೂಟರಿನಲ್ಲಿ, ಮೇಡಂ ಇಸ್ಪೀಟ್ ಆಡುವ ಕಂಪ್ಯೂಟರಿನಲ್ಲಿ. ವಾಕ್ಯ ಇದ್ದದ್ದು ಮೇಡಂ ಬಾಯಲ್ಲಿ. ಮನಸ್ಸು ಮಾಡಿದ್ದರೆ ಅವರು ಗಂಡನ ಹೆಸರಿನಲ್ಲಿ ಲೋಕದ ಲೀಟರನ್ನೆಲ್ಲ ತಲೆಕೆಳಗು ಮಾಡಬಹುದಿತ್ತು. ಮಾಡಿರಲಿಲ್ಲ, ಅದು ಬೇರೆ ಮಾತು.

"ನಾವು ಮೂರೇ ಜನಕ್ಕೆ ಗೊತ್ತಿರೋದು," ಎಂದ ಪಶುವೈದ್ಯ. "ಬಾಯಿ ಮುಚ್ಕೊಂಡಿರ್ತೀವಿ."

"ನಿಮಗೆ ಗೊತ್ತು ಅನ್ನೋದು ನಂಗೂ ಗೊತ್ತಲ್ಲ," ಎಂದರು ಭೂತಕನ್ನಡಿಯವರು.

ಅವರು ಕೀಲಿಯನ್ನು ಕೊಲ್ಲುವ ಆಜ್ಞೆ ಕೊಟ್ಟರು. ಒಮ್ಮೆ ಕೊಂದರೆ ಮತ್ತೆ ಜೀವ ಬರುವಂಥದ್ದಲ್ಲ ಅದು. ಕಂಪ್ಯೂಟರ್ ಕಾರಣ ಕೇಳಿ ಕೆಲವು ಆಯ್ಕೆಗಳನ್ನು ಮುಂದಿಟ್ಟಿತು. ಅವರು ಒಂದನ್ನು ಆರಿಸಿದರು: ಬೇರೆಯವರ ಕೈಗೆ ಸಿಕ್ಕಿದೆ.

ಹಿಂದೆ ನಿಂತು ಓದುತ್ತಿದ್ದ ಮೇಡಂ ಕೇಳಿದರು, "ಬೇರೆಯವರಾ?"

"ಇರೋ ಆಯ್ಕೆ ಅಷ್ಟೇ," ಎಂದರು ಭೂತಕನ್ನಡಿಯವರು. "ಹೆಂಡತಿ ಅಂತ ಬೇರೆ ಕೊಟ್ಟಿಲ್ಲ."

ಹೀಗೆ ಅವರು ಬಳಗದಿಂದ ಹೊರಬಿದ್ದರು. ಬಾಗಿಲು ಕಾಯುತ್ತಿದ್ದ ಮನುಷ್ಯ ಬಾಗಿಲಾಚೆ ನಿಂತ. ಕೀಲಿ ಸತ್ತ ಸುದ್ದಿಯನ್ನೂ ಕಾರಣವನ್ನೂ ಅವರೇ ಎಲ್ಲರಿಗೂ ಬರೆದು ತಿಳಿಸಿದರು. ಭಾವನ ತಲೆಯ ವಿಷಯ ಬಿಟ್ಟು. ಆದರೆ ಪಶುವೈದ್ಯ ಇದ್ದದ್ದೇ ಇದ್ದನಲ್ಲ, ವಾರದೊಳಗೆ ಮೂರು ದೇಶಗಳಲ್ಲಿ ಆ ವಾಕ್ಯದ ಅನುವಾದ ಸಿದ್ಧವಾಗಿತ್ತು. ಡೈರಿಯವನೂ ಕಾಗದ ಬರೆದು, ನಿಮ್ಮ ಹೆಂಡತಿಗೆ ನನ್ನ ನಮಸ್ಕಾರ ತಿಳಿಸಿ ಎಂದ.

ಔಷಧದಂಗಡಿಯವಳು 'ಹೊಸ ಕಾರ್ಡ್ ಮಾಡಿಸ್ಕೊಂಡು ಅಂಗಡಿಗೆ ಬನ್ನಿ' ಎಂದು ಹೇಳಿ ಹೋಗಿದ್ದಳು. ಭೂತಕನ್ನಡಿಯವರು ಸರ್ಕಾರಿ ಕಚೇರಿಗೆ ಹೋಗಿ, ಪ್ಲಾಸ್ಟರ್ ಕೈಯನ್ನು ಎದೆಗೆ ಒತ್ತಿಕೊಂಡು ಸರದಿಯಲ್ಲಿ ನಿಂತು, ಫೋಟೊ ತೆಗೆಸಿಕೊಂಡರು. ಕ್ಯಾಮೆರಾದವನು ತಲೆ ಸ್ವಲ್ಪ ತಗ್ಗಿಸಿ, ಬೆಳಕು ಹೊಡೀತಿದೆ ಎಂದಾಗ ಅವರಿಗೆ ಭಾವನ ನೆನಪಾಗಿ ಒಬ್ಬರೇ ನಕ್ಕರು. ಫೋಟೊದಲ್ಲೂ ಆ ನಗು ಸ್ವಲ್ಪ ಉಳಿದಿದೆ.

ಕಾರ್ಡ್ ಕೈಗೆ ಬಂದ ದಿನ ಔಷಧದಂಗಡಿಗೆ ಹೋದರು. ಕೆಮ್ಮಿನವರು, ಸಕ್ಕರೆ ಕಾಯಿಲೆಯವರು, ಅಳುವ ಮಗುವಿನವರು, ಇವರೆಲ್ಲರ ಹಿಂದೆ ನಿಂತರು. ಗಲ್ಲಾದ ಪಕ್ಕದ ಸ್ಟೂಲ್ ಮೇಲೆ ಅವಳ ತಾಯಿ ಕೂತಿದ್ದರು. ತಾಯಿ ಅವರನ್ನು ನೋಡಿದರು, ಅವರು ತಾಯಿಯನ್ನು ನೋಡಿದರು. ಸರದಿ ಬಂದಾಗ ಕಾರ್ಡನ್ನು ಮಗಳ ಕೈಗೆ ಕೊಡುವ ಮೊದಲು ಭೂತಕನ್ನಡಿಯವರು ತಾಯಿಯ ಕಡೆ ತಿರುಗಿ ಹೇಳಿದರು, "ಅಮ್ಮಾ, ಅವತ್ತು ನಾನು ಹಾಗನ್ನಬಾರದಿತ್ತು."

"ಯಾವತ್ತು?" ಎಂದರು ಆ ತಾಯಿ, ಎಲ್ಲ ಗೊತ್ತಿದ್ದೂ. "ನೀವು ಯಾರು ಅಂತ ಗೊತ್ತಾಗ್ಲಿಲ್ಲ. ಕಾರ್ಡ್ ಇದ್ಯಾ?"

ಮಗಳು ಮೂಗು ನೋಡಿದಳು, ಹುಬ್ಬು ನೋಡಿದಳು, ಹುಟ್ಟಿದ ದಿನ ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು. ಹಿಂದಿನವರು ಗೊಣಗಿದರೂ ಬಿಡಲಿಲ್ಲ. ಆಮೇಲೆ ಸಹಿ ಹಾಕಿದಳು. ಇಷ್ಟು ಸರಿಯಾಗಿ ನೋಡುವವರನ್ನು ಭೂತಕನ್ನಡಿಯವರು ತಮ್ಮನ್ನು ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಹೆಮ್ಮೆಯಿಂದ ಅವರು ಕಾರ್ಡನ್ನು ಜೇಬಿಗೆ ಹಾಕಿಕೊಂಡರು.

ಪಶುವೈದ್ಯ ನೋಡದೆಯೇ ಸಹಿ ಹಾಕಲು ಹೊರಟ. ಇವರು ಅವನ ಕೈ ಹಿಡಿದರು. "ಸರಿಯಾಗಿ ನೋಡಿ ಹಾಕು." ಅವನು ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಗುರುತಿನ ಚೀಟಿಯನ್ನು ದನದ ಬಾಯಿ ನೋಡುವಷ್ಟು ಶ್ರದ್ಧೆಯಿಂದ ನೋಡಿ, "ಇಷ್ಟು ಹತ್ತಿರದಿಂದ ನೋಡಿದ್ಮೇಲೆ ಹೇಳ್ತೀನಿ, ನಿನ್ನ ಭಾವನ ಬಗ್ಗೆ ನೀನು ಮಾತಾಡಬಾರದಿತ್ತು," ಎಂದು ಸಹಿ ಹಾಕಿದ.

ಪ್ಲಾಸ್ಟರ್ ಬಿಚ್ಚಿದ ಮರುದಿನ ಬೆಳಿಗ್ಗೆ ಅವರು ಎರಡು ಕೈಯಿಟ್ಟು ಕಂಪ್ಯೂಟರಿನ ಮುಂದೆ ಕೂತರು. ಎಡಗೈಯಲ್ಲಿ ಮಾಡಿದ ಹೊಸ ಕೀಲಿಗೆ ಇದ್ದದ್ದು ತಾತ್ಕಾಲಿಕ ಪಾಸ್‌ವರ್ಡ್. ಅದನ್ನು ಬದಲಿಸಿ ಕಾಯಂ ವಾಕ್ಯ ಇಡಬೇಕಿತ್ತು. ವಾಕ್ಯವನ್ನು ಅವರು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಯೋಚಿಸಿಟ್ಟಿದ್ದರು. ಅದೇನೆಂದು ಇಲ್ಲಿ ಹೇಳುವಂತಿಲ್ಲ. ಭಾವನ ಪ್ರಸ್ತಾಪವಿದೆ, ತಲೆಯ ಪ್ರಸ್ತಾಪವಿಲ್ಲ ಎಂದಷ್ಟೇ ಹೇಳಬಹುದು. ಈ ಸಲ ಹೋದದ್ದು ಮಣಿಕಟ್ಟು. ಮುಂದಿನ ಸಲ ಏನು ಹೋಗುತ್ತದೋ ಯಾರು ಬಲ್ಲರು. ತಂದೆಯ ಆ ಪ್ರಶ್ನೆ ಅವರಿಗೆ ಮರೆತಿರಲಿಲ್ಲ.

ಪಕ್ಕದಲ್ಲಿ ಮೇಡಂ ಹೊಲಿಗೆ ಯಂತ್ರವನ್ನು ತುಳಿಯುತ್ತಿದ್ದರು. ಕಟಕಟ ಸದ್ದು ಕೋಣೆ ತುಂಬಿತ್ತು. ಭೂತಕನ್ನಡಿಯವರು ವಾಕ್ಯವನ್ನು ಹೊಡೆದರು. ತುಟಿ ಅಲುಗಿತು. ಅಲುಗುವುದು ಈಗ ಅವರಿಗೂ ಗೊತ್ತಾಗುತ್ತಿತ್ತು. ಖಾತರಿಗಾಗಿ ಇನ್ನೊಮ್ಮೆ ಹೊಡೆಯಿರಿ ಎಂದು ಕಂಪ್ಯೂಟರ್ ಕೇಳಿತು. ಅವರು ಕೈ ತಡೆದು ಕಾದರು. ಅಂಚು ಮುಗಿದು, ದಾರ ಕತ್ತರಿಸಲು ಯಂತ್ರ ನಿಂತಿತು.

"ಕೇಳಿಸ್ತಾ?" ಎಂದರು.

"ಏನು?"

"ಏನಿಲ್ಲ," ಎಂದು ಹೇಳಿ ಅವರು ಮೊದಲಿನಿಂದ ಹೊಡೆದರು, ಈ ಸಲ ಸ್ವಲ್ಪ ಜೋರಾಗಿ ಗೊಣಗುತ್ತಾ.